ಬಾಗಿಲು ಹಾಕಿತ್ತು

ವಾಲ್ಪರೈಸೊ ಬಂದರಿನ ಹಿಂದೆ, ಮೀನುಪೇಟೆಗೆ ಬೆನ್ನು ಮಾಡಿ
ನನ್ನ ಅಂಗಡಿ. ಗಡಿಯಾರ ರಿಪೇರಿಯ ಹಳೇ ಬೋರ್ಡು ಇನ್ನೂ ಇಳಿಸಿಲ್ಲ.
ಈ ಕೆಲಸಕ್ಕೂ ಬೇಕಾದದ್ದು ಅವೇ ತಾನೆ,
ಒಂದು ಸ್ಕ್ರೂಡ್ರೈವರು, ಒಂದು ಕಿವಿ.

ಒಟೀಲಿಯಾ ಬರಿಯೆಂತೊಸ್ ಬಂದದ್ದು ಮಂಗಳವಾರ,
ಕಂಪ್ಯೂಟರಿಗೆ ಶಾಲು ಸುತ್ತಿ,
ಜ್ವರದ ಕೂಸನ್ನು ಎತ್ತಿ ತಂದ ಹಾಗೆ.
"ರಾತ್ರಿಯೆಲ್ಲ ಗೊಣಗುತ್ತದೆ ನೆಮೆಸಿಯೋ,
ಕೆಳಮನೆಯವರು ಕೋಲಿನಿಂದ ತಾರಸಿ ಕುಟ್ಟುತ್ತಾರೆ."

ಕಿವಿಯಿಟ್ಟೆ. ಸದ್ದು ಒಂದಲ್ಲ, ಎರಡು.
ಗುಂಯ್ ಎನ್ನುವುದು ಡಿಸ್ಕಲ್ಲ, ಅದನ್ನು ಹೊತ್ತ ತಗಡಿನ ಪೆಟ್ಟಿಗೆ;
ತಿರುಗುವವನು ತನ್ನ ಪಾಡಿಗೆ ತಿರುಗುತ್ತಾನೆ,
ಮೈ ಸಡಿಲಾದವನು ನಡುಗುತ್ತಾನೆ.
ಸೈಕಲ್ ಟ್ಯೂಬು ಕತ್ತರಿಸಿ ನಾಲ್ಕು ಬಿಲ್ಲೆ ಮಾಡಿ
ಸ್ಕ್ರೂಗೂ ತಗಡಿಗೂ ನಡುವೆ ಇಟ್ಟು ಬಿಗಿದೆ,
ತೀರಾ ಬಿಗಿಯಲ್ಲ.
ಗುಂಯ್ ನಿಂತಿತು.

ಆಗ ಸ್ಪಷ್ಟ ಕೇಳಿಸಿತು ಇನ್ನೊಂದು.
ಟಿಕ್. ತಡೆದು, ಟಿಕ್ ಟಿಕ್.
ಓದುವ ಮುಳ್ಳು ಓದಬೇಕಾದ ಜಾಗ ಮರೆತು
ಹೊಸ್ತಿಲಿಗೆ ವಾಪಸು ಬಂದು ಮತ್ತೆ ಹೊರಡುವ ಸದ್ದು.
ಇದಕ್ಕೆ ರಬ್ಬರಿಲ್ಲ, ಎಣ್ಣೆಯಿಲ್ಲ.
ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂದನಂತೆ ಅವಳ ಭಾವ.
ಅವನ ಮಾತು ಅವನ ಫ್ರಿಜ್ಜಿನಲ್ಲೇ ಇರಲಿ ಎಂದೆ.
"ಡಿಸ್ಕು ಉಳಿಯೋದಿಲ್ಲ. ಒಳಗಿರೋದನ್ನ ಹೊರಗೆ ತರಬೇಕು, ಬೇಗ.
ಏನಿದೆ?"

"ಬಾಗಿಲುಗಳು."

ಹದಿನೇಳು ವರ್ಷ ಗುಡ್ಡ ಹತ್ತಿ ಕರೆಂಟ್ ಮೀಟರ್ ಓದಿದವಳು.
ಅಂಕಿಗೆ ಸಾಕ್ಷಿ ಇರಲೆಂದು ಕಂಪನಿ ಕ್ಯಾಮೆರಾ ಕೊಟ್ಟಿತ್ತು;
ಇವಳು ಎರಡು ಹೆಜ್ಜೆ ಹಿಂದೆ ಸರಿದು
ಮೀಟರಿನ ಜೊತೆಗೆ ಬಾಗಿಲನ್ನೂ ಹಿಡಿದಳು.
ನೀಲಿ ತಗಡು, ಹಡಗಿನ ಹಲಗೆ, ಸಾಸಿವೆ ಬಣ್ಣ,
ಕಾಲೊರೆಸಿನ ಮೇಲೆ ಯಾರದೋ ನಾಯಿ.
ಆಮೇಲೊಂದು ವರ್ಷ ಗಾಳಿ
ಬೆಂಕಿಯನ್ನು ಗುಡ್ಡದಿಂದ ಗುಡ್ಡಕ್ಕೆ ದಾಟಿಸಿತು.
ಈಗ ಜನ ಬರುತ್ತಾರೆ, ಟೋಪಿ ಕೈಯಲ್ಲಿ ಹಿಡಿದು:
"ನಮ್ಮದು ಇದೆಯಾ?"
ಒಬ್ಬ ಪೇಂಟಿನ ಡಬ್ಬಿ ಸಮೇತ ಬಂದಿದ್ದ,
ಹೊಸ ಬಾಗಿಲಿಗೆ ಹಳೇ ಹಸಿರು ಯಾವುದೆಂದು ನೋಡಲು.
ಅವಳ ಸ್ವಂತ ಮನೆ ಇನ್ನೊಬ್ಬ ರೀಡರಿನ ಪಾಲಿಗೆ ಬಂದಿತ್ತು.
ಅವನು ಹಿಡಿದದ್ದು ಮೀಟರು ಮಾತ್ರ, ತುಂಬ ಹತ್ತಿರದಿಂದ.

ಎಲ್ಲಿ ಇಡುವುದು? ನಾಲ್ಕು ಆನ್‌ಲೈನ್ ಸೇವೆಗಳ ಕರಾರು
ಅಚ್ಚುಹಾಕಿ ಮುಂದಿಟ್ಟೆ.
ಬೆರಳಿಟ್ಟು ಓದಿದಳು, ಮೊದಲು ಸಣ್ಣಕ್ಷರ.
ಪುಕ್ಕಟೆಯದನ್ನು ಬದಿಗೆ ಸರಿಸಿದಳು:
"ಕಾಸಿಗೆ ತಕ್ಕ ಕಜ್ಜಾಯ. ಕಾಸೇ ಇಲ್ಲದಿದ್ದರೆ ನಾನೇ ಕಜ್ಜಾಯ."
ಎರಡನೆಯದು ಚಿತ್ರಗಳನ್ನು ಹಿಂಡಿ ಸಣ್ಣದು ಮಾಡುತ್ತದೆ:
"ಮನೆ ನಂಬರು ಅಳಿಸಿಹೋಗುತ್ತೆ."
ಮೂರನೆಯದರ ಯಂತ್ರಗಳು ನಮ್ಮ ದೇಶದಲ್ಲೇ:
"ಇಲ್ಲಿ ನೆಲ ಅದುರಿದ ದಿನ ಅಲ್ಲೂ ಅದುರುತ್ತೆ."
ನಾಲ್ಕನೆಯದಕ್ಕೆ ಒಂದೇ ಪ್ರಶ್ನೆ:
"ನಾನು ಸತ್ತು ಬಾಡಿಗೆ ತಪ್ಪಿದರೆ
ಎಷ್ಟು ದಿನಕ್ಕೆ ಬೀದಿಗೆ ಎಸೀತಾರೆ?"
ತೊಂಬತ್ತು.
"ನಮ್ಮ ಕಂಪನಿ ಅಷ್ಟು ಕೊಡ್ತಿರಲಿಲ್ಲ. ಆಗಲಿ."

ಎದ್ದು ಶಾಲು ಮಡಿಸುತ್ತ ಅಂದಳು,
"ಮೋಡ ಅಂತಾರಂತೆ ಇದನ್ನ.
ಆವತ್ತು ಒಂದೂ ಬರಲಿಲ್ಲ."

ಹನ್ನೊಂದು ರಾತ್ರಿ ಹಿಡಿಯಿತು.
ಒಂದು ಪ್ರತಿ ಹೊಸ ಡಿಸ್ಕಿಗೆ, ಅದು ಬಸ್ಸು ಹತ್ತಿ
ತಾಲ್ಕಾದಲ್ಲಿರುವ ತಂಗಿಯ ಬೀರುವಿಗೆ.
ಒಂದು ಪ್ರತಿ ತಂತಿ ಹಿಡಿದು, ನಾವು ಕಾಣದ ಯಾವುದೋ ಚಳಿ ಊರಿಗೆ,
ಬಾಗಿಲ ಹಿಂದೆ ಬಾಗಿಲು, ಆಮೆಯ ನಡಿಗೆ.
ಮುಳ್ಳು ಎಷ್ಟು ಸಲ ಹೊಸ್ತಿಲಿಗೆ ಹೋಗಿ ಬಂದರೂ
ಮುನ್ನೂರ ಆರು ಚಿತ್ರ ಏಳಲಿಲ್ಲ.
ಹೇಳಲು ನಾಲಿಗೆ ಬಾರದೆ ಪಟ್ಟಿ ಕೈಗಿತ್ತೆ.

ಕುಳಿತಳು. ಪೆನ್ಸಿಲು ನಾಲಿಗೆಗೆ ತಾಗಿಸಿ
ಪ್ರತಿ ಸಾಲಿನ ಮುಂದೆ, ಕೈಗೆ ಅಂಟಿದ ಹಳೇ ವೇಗದಲ್ಲಿ,
ಮನೆಯಲ್ಲಿ ಯಾರೂ ಇಲ್ಲದ ದಿನ
ಕಂಪನಿಯ ಪುಸ್ತಕದಲ್ಲಿ ಬರೆಯುತ್ತಿದ್ದದ್ದನ್ನೇ ಬರೆದಳು:

ಬಾಗಿಲು ಹಾಕಿತ್ತು. ಮತ್ತೆ ಬರಬೇಕು.