ಕೊನೆಯಿಂದ ಕೊನೆಗೆ

ಪಿಕಪ್ ಗಾಡಿಯ ಮುಂದಿನ ಎರಡು ಚಕ್ರ
ನೆಲ ಬಿಟ್ಟು ಗೇಣುದ್ದ ಮೇಲೆ.
ಹಲಗೆ, ಅದರ ಮೇಲೆ ಕಬ್ಬಿಣದ ಕುದುರೆ,
ಕುದುರೆಯ ಮೇಲೆ ಎಂಬತ್ತೊಂಬತ್ತರ ಫೋರ್ಡು,
ಅರ್ಧ ಕಂದು, ಅರ್ಧ ಕೆನೆ, ಉಳಿದದ್ದು ತುಕ್ಕು.

ಮೂರು ಚಳಿಗಾಲದಿಂದ ಕುಂಯ್‌ಗುಡುತ್ತಿದೆ ಪಂಪು.
ಸಾಸ್ಕಾಚೆವಾನಿನ ಮೈನಸ್ ಮೂವತ್ತರಲ್ಲಿ
ಬೆಳಗಿನ ಮೊದಲ ತಿರುವಿಗೇ
ಹೊರಗೆ ಕಟ್ಟಿ ಮರೆತ ನಾಯಿಯ ಹಾಗೆ.
ಸ್ಟಿಯರಿಂಗ್ ಎಣ್ಣೆ ಬದಲಿಸು ಎಂದರು ಎಲ್ಲರೂ.
ಬದಲಿಸಲು ಎರಡು ಜೀವ ಬೇಕು:
ಸುರಿಯಲೊಬ್ಬರು, ತಿರುಗಿಸಲೊಬ್ಬರು.
ಗಂಡ ಪೊಟ್ಯಾಷ್ ಗಣಿಯಲ್ಲಿ, ಹಗಲು ಪಾಳಿ.
ಮನೆಯಲ್ಲಿರುವುದು ನಾನು, ಮತ್ತೆ
ನನ್ನ ಅತ್ತೆ ಟೆಕ್ಲಾ.

ಏಪ್ರಿಲ್‌ನಲ್ಲಿ ಅವರ ಲೈಸೆನ್ಸು ಹೋಯಿತು.
ನೋಟದ ನಟ್ಟನಡುವೆ ಒಂದು ಬೂದು ನಾಣ್ಯ,
ಅಂಚಿನಲ್ಲಷ್ಟೇ ಲೋಕ.
ಡಾಕ್ಟರಿಗೆ ಫೋನು ಮಾಡಿದ್ದು ಯಾರೆಂದು
ಅವರು ಕೇಳಿಲ್ಲ. ನಾನು ಹೇಳಿಲ್ಲ.
ಒಂದೇ ಮೇಜಿನಲ್ಲಿ ಸೂಪು ಕುಡಿಯುತ್ತೇವೆ.
ಅತ್ತೆಗೊಂದು ಕಾಲ, ಸೊಸೆಗೊಂದು ಕಾಲವಂತೆ;
ಗಾಡಿ ಒಂದೇ.

"ಬರ್ತೀರಾ, ಚಕ್ರ ತಿರುಗಿಸೋಕೆ?" ಎಂದೆ.
ಕೈಯ ಹಿಟ್ಟು ತೊಳೆದರು. ಕೋಟು ಹಾಕಿದರು.
ಮತ್ತೆ ಒಳಗೆ ಹೋಗಿ, ಯಾಕೋ,
ಚರ್ಚಿನ ದಿನದ ಹೂವಿನ ತಲೆವಸ್ತ್ರ
ಕಟ್ಟಿಕೊಂಡು ಬಂದರು.

ನಾನು ಬಾನೆಟ್ಟಿನಡಿ.
ಎಣ್ಣೆ ವಾಪಸು ತರುವ ಹೋಸು ಕಳಚಿ
ಹಾಲಿನ ಖಾಲಿ ಕ್ಯಾನಿಗೆ ಅದರ ಬಾಯಿ ಕೊಟ್ಟೆ.
ಡಬ್ಬಿಯ ಮೂತಿಗೊಂದು ರಬ್ಬರ್ ಟೊಪ್ಪಿ.
ಕ್ಲಿಪ್ಪು ಚಿಮ್ಮಿ ಒಣಹುಲ್ಲಲ್ಲಿ ಕಾಣೆಯಾಯಿತು;
ಬೈಗುಳ ನುಂಗಿದೆ, ಅತ್ತೆ ಇದ್ದಾರೆ.
"ಎಂಜಿನ್ ಬೇಡ. ಕೀಲಿ ಒಂದೇ ಮನೆ ತಿರುಗಲಿ.
ಈಗ ಎಡಕ್ಕೆ, ನಿಧಾನ, ಕೊನೆಯವರೆಗೆ."

ಕಾಕಂಬಿಯಂಥ ಕಪ್ಪನ್ನು
ಕಕ್ಕಿತು ಹೋಸು, ಸೀದ ವಾಸನೆ.
"ಬಲಕ್ಕೆ."
ಮತ್ತೊಂದು ಗುಟುಕು.
"ಎಡಕ್ಕೆ" ಎನ್ನುವ ಮೊದಲೇ
ಹೊರಟುಬಿಟ್ಟಿದ್ದರು ಅತ್ತೆ, ತಮ್ಮಷ್ಟಕ್ಕೆ:
"ಇದು ಗೋಧಿ ಎಲಿವೇಟರ್ರು. ದಾಟಿದರೆ
ಓಸಿಪನ ಬೇಲಿ. ಇಲ್ಲಿ ಬಲಕ್ಕೆ.
ಸೇತುವೆ ಬಂತು, ಇದರ ಮೇಲೆ ಯಾವಾಗಲೂ ಜಾರು…"

ಈ ಬಯಲಿನಲ್ಲಿ ರಸ್ತೆಗೆ
ಬಾಗುವ ಅಭ್ಯಾಸವೇ ಇಲ್ಲ.
ಮೋಜಣಿದಾರ ಸ್ಕೇಲಿಟ್ಟು ಎಳೆದದ್ದು,
ಮೈಲಿಗೊಂದು ಅಡ್ಡಗೆರೆ, ಜಲ್ಲಿ, ಧೂಳು.
ವರ್ಷವಿಡೀ ಓಡಿಸಿದರೂ
ಇಷ್ಟು ತಿರುವು ಯಾರಿಗೂ ಸಿಗದು.
ಅತ್ತೆ ಅರ್ಧ ಗಂಟೆಯಲ್ಲಿ
ಇಲ್ಲದ ಬೆಟ್ಟಗಳನ್ನೆಲ್ಲ ಸುತ್ತಿ ಇಳಿದರು.
ನೆಲ ಮುಟ್ಟದ ಚಕ್ರಗಳು
ಹೇಳಿದ ಹಾಗೆ ಕೇಳಿದವು.

ನಾನು ಸುರಿಯುತ್ತಲೇ ಇದ್ದೆ.
ಎರಡನೆಯ ಬಾಟಲಿ ಮುಗಿಯುತ್ತ ಬರುವಾಗ
ಕಪ್ಪು ಕಂದಾಗಿ, ಕಂದು ಕಾವಿಯಾಗಿ,
ಬಂತು ಕೆಂಪು.
"ಯಾವ ಬಣ್ಣ?" ಕಿಟಕಿಯಿಂದ ಕೇಳಿದರು.
"ನಿಮ್ಮ ಬೀಟ್‌ರೂಟ್ ಸೂಪಿನ ಬಣ್ಣ."
"ಕೆನೆ ಹಾಕೋ ಮೊದಲೋ, ಆಮೇಲೋ?"
"ಮೊದಲು."
"ಹಾಗಾದರೆ ಸಾಕು, ನಿಲ್ಲಿಸು."

ಹೋಸು ಅದರ ಜಾಗಕ್ಕೆ. ಬೇರೆ ಕ್ಲಿಪ್ಪು.
ಈಗ ಎಂಜಿನ್ನು. ಡಬ್ಬಿಯೊಳಗೆ ನೊರೆ,
ಎಲ್ಲೆಲ್ಲೋ ಸಿಕ್ಕಿಕೊಂಡ ಗಾಳಿ
ಒಂದೊಂದೇ ಗುಳ್ಳೆಯಾಗಿ ಏಳುತ್ತಿತ್ತು.
ಇದಕ್ಕೆ ಆತುರ ನಡೆಯದು.
ಕೊನೆಯಿಂದ ಕೊನೆಗೆ, ಕೊನೆಯಲ್ಲಿ ಒತ್ತಿ ಹಿಡಿಯದೆ,
ಇಪ್ಪತ್ತು ಸಲ.

ಹದಿಮೂರಕ್ಕೋ ಹದಿನಾಲ್ಕಕ್ಕೋ
ಕುಂಯ್ ನಿಂತಿತು.
ಆ ಸದ್ದಿನ ನಡುವೆ ಅತ್ತೆ
"ಫೋನು ಮಾಡಿದ್ದು ನೀನೇ, ಗೊತ್ತು" ಎಂದರು.
ಹಾಗೆಂದರೋ, ಇಲ್ಲ
"ಫ್ಯಾನು ಸದ್ದು ಮಾಡ್ತಿದೆ ನೋಡು" ಎಂದರೋ.
ನನ್ನ ಕೈಯಲ್ಲಿ ಲಾಳಿಕೆ ಇತ್ತು,
ಅದರ ತುದಿಯಿಂದ ಒಂದು ಕೆಂಪು ಹನಿ
ಬೀಳುವುದೋ ಬೇಡವೋ ಎಂದು.

"ಎಲ್ಲಿಗೆ ಬಂದ್ವಿ?" ಎಂದೆ, ತಲೆ ಎತ್ತದೆ.

"ಇನ್ನೂ ಆರು ಸಲ ಇದೆ.
ಊರು ಬಂದಾಗ ಹೇಳ್ತೀನಿ, ಸುಮ್ಮನಿರು."