ಬೇರಿಗೆ ಮುನ್ನ

ಇಷ್‌ಬೆಲ್ ರಿಡಕ್ ಮಾಡುವ ಕೆಲಸ ಕಲ್ಲು ಅರೆಯುವುದು.
ಗಾಜಿನ ಹಲಗೆ, ಚಿಟಿಕೆ ಕುರುಂದದ ಪುಡಿ, ನೀರು.
ಅಂಗೈಯಡಿ ಸುತ್ತಿ ಸುತ್ತಿ ಸವೆಯಬೇಕು ಕಲ್ಲು
ಈರುಳ್ಳಿಯ ಪೊರೆಗಿಂತ ತೆಳ್ಳಗೆ,
ಆಚೆಯ ಬೆಳಕು ಈಚೆಗೆ ದಾಟುವಷ್ಟು.
ಒಂದು ಸುತ್ತು ಹೆಚ್ಚಾಯಿತೋ, ಮುಗಿಯಿತು:
ನಲವತ್ತು ಕೋಟಿ ವರ್ಷ
ತೊಟ್ಟಿಯ ಕಿಂಡಿಯಲ್ಲಿ ಬೂದು ನೀರು.

ಈ ಕಲ್ಲು ರೈನಿಯದು. ಸ್ಕಾಟ್ಲೆಂಡಿನ ಬಡಗಣ ಹಳ್ಳಿ,
ಟರ್ನಿಪ್ ಹೊಲದ ಬದು.
ಕೊಟ್ಟವನು ಹೊಲದ ವಾಟಿ ಫಾರ್ಕರ್.
‘ನೇಗಿಲ ಮೂತಿ ಮುರಿಯೋ ಕಲ್ಲು, ಹೊತ್ಕೊಂಡು ಹೋಗು ತಾಯಿ’ ಅಂದ,
ಬರ್ಚ್ ಮರದಡಿ ಎದ್ದಿದ್ದ ಕೆಂಪು ನಾಯಿಕೊಡೆಗಳನ್ನು
ಒಂದೊಂದಾಗಿ ಬೂಟಿನಿಂದ ಒದೆಯುತ್ತ.
‘ಮರದ ಜೀವ ಹೀರ್ತಾವೆ, ದರಿದ್ರದವು.’

ಸೂಕ್ಷ್ಮದರ್ಶಕದ ಕೆಳಗೆ ಹೊಲವಿಲ್ಲ, ವಾಟಿಯಿಲ್ಲ.
ಬಿಸಿನೀರ ಬುಗ್ಗೆಗಳ ಅಂಚು.
ಗೇಣುದ್ದದ ಹಸಿರು ಕಡ್ಡಿಗಳು
ಕವಲೊಡೆದು, ತುದಿಯಲ್ಲಿ ಬೀಜಕದ ಚೀಲ ಹೊತ್ತು
ಕೆಸರಿಗೊರಗಿ ನಿಂತಿವೆ.
ಎಲೆಯೆಂಬುದಿಲ್ಲ ಅವಕ್ಕೆ.
ಬೇರೂ ಇಲ್ಲ.
ಒಂದು ದಿನ ನೀರುಕ್ಕಿ ಎಲ್ಲವನ್ನೂ ಕಲ್ಲಾಗಿಸಿದೆ,
ಉಣ್ಣುತ್ತಿದ್ದವರನ್ನು ತುತ್ತಿನ ಸಮೇತ.

ಇಷ್‌ಬೆಲ್ ತಿರುಪು ತಿರುಗಿಸುತ್ತಾಳೆ, ಕೂದಲೆಳೆಯಷ್ಟು.
ಕಡ್ಡಿಯ ಒಂದು ಕೋಶದೊಳಗೆ
ನೂಲಿಗಿಂತ ನವಿರಾದ ಎಳೆಯೊಂದು ಗೋಡೆ ತೂರಿ ಬಂದು
ಕವಲಾಗಿ, ಕವಲು ಕವಲಾಗಿ, ತುದಿಗಳು ಮಂಜಾಗಿ…
ನೆಲದ ಮೇಲೆ ಮರವೇ ಇರದ ಕಾಲದಲ್ಲಿ
ಒಳಗೆ ಯಾರೋ ಮರ ಬಿಡಿಸಿದ್ದಾರೆ.

ಶಿಲೀಂಧ್ರ ಎನ್ನುತ್ತೇವೆ ನಾವು.
ಪಂಡಿತರು ಒಪ್ಪದಿದ್ದರೂ
ನನ್ನ ಕಿವಿಗೆ ಅದರೊಳಗೊಂದು ಶಿಲೆ ಕೇಳಿಸುತ್ತದೆ.

ಕಳ್ಳನಂತೆ ನುಗ್ಗಿತೋ, ನಂಟನಂತೆ ಬಂದಿತೋ,
ಬಾಯಿ ಬಿಡದು ಕಲ್ಲು.
ಗೋಡೆಗೆ ತೂತು ಬಿದ್ದಿದೆ, ನಿಜ. ಕೋಶ ಸತ್ತ ಗುರುತಿಲ್ಲ.
ಇದು ಮಣ್ಣಿನಿಂದ ರಂಜಕ ತಂದಿರಬೇಕು,
ಅದು ಬಿಸಿಲಿನ ಸಕ್ಕರೆ ಬಡಿಸಿರಬೇಕು.
ಬೇರು ಬಂದದ್ದು ಆಮೇಲೆ,
ಬಂದು ಕೂತ ಅತಿಥಿಗೆ ತಡವಾಗಿ ಜಗಲಿ ಕಟ್ಟಿಸಿದ ಹಾಗೆ.
ಬೇರು ಬರುವ ಮುನ್ನ
ಯಾರು ಬೇರೆ, ಯಾರು ಯಾರಿಗೆ ಬೇರೆ?

ಇನ್ನೂ ಎಷ್ಟೋ ಕೋಟಿ ವರ್ಷಗಳಾಚೆ
ಹೆಮ್ಮರಗಳು ಎದ್ದು, ಬಿದ್ದು, ಕೊಳೆಯುವ ಕಾಲಕ್ಕೆ
ಹೆಣ ತಿಂದೇ ಬದುಕಿದ್ದ ಅಣಬೆಗಳಲ್ಲಿ ಕೆಲವು
ಜೀವಂತ ಬೇರಿನ ತುದಿಗೆ ಕುಲಾವಿ ಹೊಲಿದು ತೊಡಿಸಿದವು.
ಒಮ್ಮೆಯಲ್ಲ. ಒಂದೇ ಮನೆತನದವೂ ಅಲ್ಲ.
ತೊಡಿಸುತ್ತ ತೊಡಿಸುತ್ತ
ಮರ ಜಗಿಯುವ ಹಲ್ಲುಗಳು ಒಂದೊಂದಾಗಿ ಉದುರಿದವು.
ಇನ್ನು ಹಿಂದಿರುಗುವಂತಿಲ್ಲ.
ಒಪ್ಪಂದವೆಂದರೆ ರುಜುವಲ್ಲ, ಬೊಚ್ಚುಬಾಯಿ.

ಶನಿವಾರ ವಾಟಿಯ ಅಡುಗೆಮನೆ.
ಬೆಣ್ಣೆಯ ತಟ್ಟೆ ಸರಿಸಿ ಸೂಕ್ಷ್ಮದರ್ಶಕ ಇಟ್ಟಳು.
ಅವನು ಕನ್ನಡಕ ತೆಗೆದ, ಹಾಕಿದ, ಮತ್ತೆ ತೆಗೆದ.
ಚಹಾ ಆರಿತು.
‘ಹಾಗಾದ್ರೆ ಬಾಕಿ ಯಾರದು?’
‘ಖಾತೆ ಬರೆದವರಿಲ್ಲ.’
‘ಇಷ್ಟು ದಿನ ಉದ್ದರಿ ನಡೆಸಿದವರನ್ನು ನಾನಂತೂ ಕಂಡಿಲ್ಲ,’
ಅನ್ನುತ್ತ ಗೇಟಿನ ಅಗಳಿ ಹಾಕಲು ಹೊರಗೆ ಹೋದ.

ಕಿಟಕಿಯಿಂದ ಅವಳಿಗೆ ಕಂಡದ್ದು ಇಷ್ಟು:
ಬರ್ಚ್ ಬುಡದಲ್ಲಿ ಮುದುಕ ನಿಂತ.
ತಾನೇ ಒದೆದು ಕೆಡವಿದ್ದ ಕೆಂಪು ಕೊಡೆಯೊಂದನ್ನು
ಬೂಟಿನ ತುದಿಯಿಂದ ಎತ್ತಿ ನಿಲ್ಲಿಸಲು ನೋಡಿದ.
ಅದು ಉರುಳಿತು. ಮತ್ತೆ ನಿಲ್ಲಿಸಿದ.
ಮತ್ತೆ ಉರುಳಿತು.
ಕೆಳಗೆ ಕತ್ತಲಲ್ಲಿ ಕೊಡು ಕೊಳ್ಳು ನಡೆದೇ ಇತ್ತು.
ಅಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ.