ತೂಕದ ಚೀಟಿಯ ಹಿಂಬದಿ

ಶನಿವಾರ ಸಂಜೆ, ಸಿದ್ದಾಪುರದ ಗೋದಾಮಿನಿಂದ
ಕೊನೆಯ ಕಾಫಿ ಲಾರಿ ಹೊರಟ ಮೇಲೆ
ಚೀಲ ತೂಗುವ ಯಂತ್ರ ನಮ್ಮದು.
ಬಳೆ, ಬೀಗದ ಕೈ, ಮೊಬೈಲು ತೆಗೆದಿಟ್ಟು
ಉಸಿರನ್ನೂ ಅರ್ಧ ಹೊರಗೆ ಬಿಟ್ಟು
ಹತ್ತಿ ನಿಲ್ಲುತ್ತೇನೆ ನಾನು.
ಸುಹರಾ ನಗುತ್ತಾಳೆ:
"ಗಾಳಿಗೆ ತೂಕವಿಲ್ಲ ಬೊಳ್ಳಕ್ಕ,
ನಿನ್ನೆಯ ಪಾಪುಟ್ಟಿಗಿದೆ."

ಶುರುವಾದದ್ದು ಪುತ್ತರಿ ಕಳೆದ ವಾರ.
ವಿರಾಜಪೇಟೆಯ ಡಾಕ್ಟರು ಅವಳ ಸಕ್ಕರೆ ಓದಿ
ಹತ್ತು ಕಿಲೋ ಇಳಿಸಿ ಎಂದರಂತೆ, ತಲೆ ಎತ್ತದೆ.
ನನಗೆ ಯಾರೂ ಹೇಳಲಿಲ್ಲ.
ಆಫೀಸಿನ ಮೆಟ್ಟಿಲು ಹೇಳಿತು, ಹದಿನಾಲ್ಕನೆಯದು.

ಹಾಗೆ ಹುಟ್ಟಿತು ಈ ಚೀಟಿ ವ್ಯವಹಾರ.
ಮುಂಬದಿಗೆ: ರೊಬಸ್ಟಾ ಚೆರಿ, ಐವತ್ತು ಕಿಲೋ, ತೇವಾಂಶ ಇಷ್ಟು.
ಹಿಂಬದಿಗೆ ಅವಳ ದುಂಡಕ್ಷರ:
ಎಳೆ ಹಲಸು ಬೇಯಿಸಿ ಜಜ್ಜು. ತೆಂಗು ಬೇಡ.
ಸಾಸಿವೆ, ಒಂದು ಒಣಮೆಣಸು, ಎಣ್ಣೆ ಕಾಲು ಚಮಚ.
ಕಾಲು ಅಂದರೆ ಕಾಲು,
ನಿನ್ನ ಕಾಲಿನ ಗಾತ್ರದ್ದಲ್ಲ.

ನಾನು ಬರೆದೆ:
ಹುರುಳಿ ಬೆಂದ ನೀರಿಗೆ ಸುಟ್ಟ ಬೆಳ್ಳುಳ್ಳಿ,
ಎರಡೇ ತೊಟ್ಟು ಕಾಚಂಪುಳಿ.
ಕಣ್ಣು ಮುಚ್ಚಿ ಕುಡಿದರೆ ಹಂದಿ ಸಾರಿನ ನೆನಪು ಬರುತ್ತದೆ
(ನಿನಗಲ್ಲ ಮಾರಾಯ್ತಿ, ನನಗೆ).
ಪತ್ತಿರಿ ಎರಡು. ಮೂರನೆಯದು ಕರೆದರೆ
ನನ್ನ ಹೆಸರು ಹೇಳಿ ಮುಚ್ಚಳ ಹಾಕು.
ಬೆಣ್ಣೆಹಣ್ಣು ಅರ್ಧ, ಉಪ್ಪು ನಿಂಬೆ ಹಿಂಡಿ;
ಅದರ ಹೆಸರಿಗೆ ಹೆದರಬೇಡ.

ಕಾಫಿ ಒಣಗಿದಷ್ಟೂ ತೂಕ ಇಳಿದು ಬೆಲೆ ಏರುತ್ತದಲ್ಲ,
ನಮಗೂ ಹಾಗೇನಾ ಎಂದು ಕೇಳಿದಳು ಒಮ್ಮೆ.
ಸಂಬಳ ಏರಿಲ್ಲ, ನೋಡು ಎಂದೆ.

ನೋಂಬಿನ ತಿಂಗಳಿಡೀ ಅವಳು ಯಂತ್ರ ಹತ್ತಲಿಲ್ಲ.
ನಾನೂ ಕೇಳಲಿಲ್ಲ.
ಖರ್ಜೂರ ಮೂರು, ಕರಿದದ್ದು ಶುಕ್ರವಾರ ಮಾತ್ರ
ಎಂದು ಬರೆದು ಅವಳ ಲೆಡ್ಜರಿನೊಳಗಿಟ್ಟೆ.
ಮಾರನೆಯ ದಿನ ಅದರ ಕೆಳಗೆ ಒಂದೇ ಸಾಲು:
ಶುಕ್ರವಾರ ವಾರಕ್ಕೆ ಒಂದೇ ಯಾಕೆ?

ಆಮೇಲೆ ಅಮ್ಮತ್ತಿಯಲ್ಲಿ ನನ್ನ ಅಣ್ಣನ ಮಗನ ಮದುವೆ.
ಕಡಂಬುಟ್ಟು ಎಣಿಸಲಿಲ್ಲ.
ಎಣಿಸಿದೆ. ಏಳು.
ವಾಲಗಕ್ಕೆ ಕುಣಿದದ್ದರಲ್ಲಿ ಒಂದೆರಡು
ಕರಗಿರಬೇಕು ಅಂದುಕೊಂಡೆ.
ಶನಿವಾರದ ಕೆಂಪು ಅಂಕಿ ಹಾಗೆ ಅಂದುಕೊಂಡಿರಲಿಲ್ಲ.
ಎರಡು ಕಿಲೋ ಮುನ್ನೂರು, ಮೇಲಕ್ಕೆ.

ಸಾಕು ಸುಹರಾ ಎಂದೆ.
ನಮ್ಮ ಮನೆತನದ ಮೂಳೆಯೇ ಭಾರ.
ನನ್ನ ಅಜ್ಜಿ ಹೀಗೇ, ಅಜ್ಜಿಯ ತಂಗಿ ಹೀಗೇ,
ಹುರುಳಿ ನೀರು ಕುಡಿದು ಯಾರ ಮೂಳೆ ಹಗುರಾದದ್ದುಂಟು?
ಇಳಿಯಲೂ ಮನಸ್ಸಾಗದೆ ಅಲ್ಲೇ ನಿಂತಿದ್ದೆ.

ಅವಳು ಏನೂ ಅನ್ನಲಿಲ್ಲ.
ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ
ಹತ್ತಿ ಬಂದಳು ನನ್ನ ಪಕ್ಕಕ್ಕೆ.
ತಗಡು ಮುಲುಗಿತು. ಕೆಂಪು ಅಂಕಿ ಗಲಿಬಿಲಿಗೊಂಡು
ಓಡಿ ಓಡಿ ನೂರ ನಲವತ್ತಾರಕ್ಕೆ ನಿಂತಿತು.
"ಈಗ ಹೇಳು, ಇದರಲ್ಲಿ
ನಿನ್ನ ಕಡಂಬುಟ್ಟು ಯಾವುದು,
ನನ್ನ ಪೆರ್ನಾಳ್ ಬಿರಿಯಾನಿ ಯಾವುದು?"

ಬಾಗಿಲಲ್ಲಿ ಹಮಾಲಿ ಮುರುಗ ಇಣುಕಿದ:
"ಎಷ್ಟು ಚೀಲ ಅಕ್ಕಾ?"
"ಮೂರು. ತೇವಾಂಶ ಜಾಸ್ತಿ, ಹೋಗು."

ಪರ್ಸಿನಿಂದ ಮಡಿಸಿ ಮಡಿಸಿ ಸವೆದ ಚೀಟಿ ತೆಗೆದಳು,
ಪುತ್ತರಿ ವಾರದ್ದು. ಇಬ್ಬರದ್ದೂ ಕೂಡಿಸಿದರೆ
ನೂರ ಐವತ್ತೊಂಬತ್ತು.
ಹದಿಮೂರು ಕಿಲೋ ಗೋದಾಮಿನ ಲೆಕ್ಕದಿಂದ ಕಾಣೆ.
ಅದರಲ್ಲಿ ಯಾರದ್ದೆಷ್ಟು ಎಂದು
ಅವಳು ಹೇಳಲಿಲ್ಲ,
ಗೊತ್ತಿದ್ದೂ ನಾನು ಕೇಳಲಿಲ್ಲ.

ಬಸ್ಸಿಗೆ ಇನ್ನೂ ಹತ್ತು ನಿಮಿಷ.
ಖಾಲಿ ಚೀಲದ ಮೇಲೆ ಕೂತು ಬರೆಯತೊಡಗಿದೆ:
ಮುಂದಿನ ತಿಂಗಳು ಮಳೆ ಹಿಡಿದರೆ
ತೋಡಿನ ಬದಿಗೆ ತೆರ್ಮೆ ತೊಪ್ಪು ಸುರುಳಿ ಬಿಡುತ್ತದೆ.
ಎಳೆಯದ್ದನ್ನೇ ಮುರಿ. ಮೇಲಿನ ರೋಮ ಉಜ್ಜಿ ತೊಳೆ.
ಬೆಳ್ಳುಳ್ಳಿ ಧಾರಾಳ ಹಾಕು, ಅದಕ್ಕೆ ಲೆಕ್ಕವಿಲ್ಲ.
ಎಣ್ಣೆ

"ಗೊತ್ತು," ಎಂದಳು ಹೆಗಲ ಮೇಲಿಂದ ಓದುತ್ತಾ,
"ಕಾಲು."